ಗಣೇಶನ ಪೆಂಡಾಲು, ಗಾಯಕನ ಪೆನ್‌ಡ್ರೈವ್

"ಆರ್ಕೆಸ್ಟ್ರಾಗಳನ್ನು ಮುಗಿಸಿದ್ದು ಟಿವಿ" ಎಂದು ರಾಯರು ತೀರ್ಪು ಕೊಟ್ಟರು. ಸಾಕ್ಷಿ ವಿಚಾರಣೆಗೆ ಮೊದಲೇ ತೀರ್ಪು ಕೊಡುವುದು ಅವರ ಪದ್ಧತಿ.

"ಟಿವಿ ಏನು ಮಾಡಿತು ಪಾಪ? ಅದು ಬಂದ ಮೇಲೂ ಮಂಡ್ಯದಿಂದ ನಂಜನಗೂಡಿನವರೆಗೆ ಬೀದಿಗೊಂದು ಗಣೇಶ, ಗಣೇಶನಿಗೊಂದು ರಸಮಂಜರಿ ಇರಲಿಲ್ಲವೇ?" ಎಂದರು ಶೆಟ್ಟರು. ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಮಾತಿನಲ್ಲಿ ಈಗಲೂ ಸ್ವಲ್ಪ ಎಕೋ ಇದೆ. "ಮುಗಿಸಿದ್ದು ಕೀಬೋರ್ಡ್. ಅದು ಬಂತು, ಎಕಾರ್ಡಿಯನ್, ಪಿಟೀಲು, ಕೊಳಲು ಎಲ್ಲ ವೇದಿಕೆ ಇಳಿದವು. ರಿದಂ ಪ್ಯಾಡ್ ಬಂತು, ಕಾಂಗೋ ವಾದ್ಯದವನೂ ಡ್ರಮ್ಸ್‌ನವನೂ ಒಂದೇ ಬಸ್ಸು ಹತ್ತಿ ಊರಿಗೆ ಹೋದರು. ಕೊನೆಗೆ ಮೊದಲೇ ಮುದ್ರಿಸಿಟ್ಟ ಹಿನ್ನೆಲೆ ಸಂಗೀತದ ಟ್ರ್ಯಾಕ್ ಬಂದು ಕೀಬೋರ್ಡಿನವನನ್ನೂ ಕಳಿಸಿತು. ಈಗ ಒಬ್ಬ ಗಾಯಕ, ಒಂದು ಪೆನ್‌ಡ್ರೈವ್."

"ಪೆನ್‌ಡ್ರೈವ್ ಚಿತ್ರಾನ್ನ ಕೇಳುವುದಿಲ್ಲ" ಎಂದರು ಮೇಷ್ಟರು. ಗಣೇಶೋತ್ಸವ ಸಮಿತಿಯ ಮಾಜಿ ಖಜಾಂಚಿ. "ಆ ಡ್ರಮ್ಸ್‌ನವನು ಒಬ್ಬನೇ ಮೂವರ ಊಟ ಮಾಡುತ್ತಿದ್ದ."

"ಮೂವರಷ್ಟು ಬಾರಿಸುತ್ತಿದ್ದ ಕೂಡ!"

"ಬಾರಿಸಲಿ ಬಿಡಿ, ನನ್ನ ಕಷ್ಟ ಕೇಳಿ. ಮೊದಲು ಪಿ.ಬಿ. ಶ್ರೀನಿವಾಸ್ ಕಂಠದವನೊಬ್ಬನಿದ್ದರೆ ರಾಜ್‌ಕುಮಾರ್ ಹಾಡುಗಳೆಲ್ಲ ನಡೆದುಹೋಗುತ್ತಿದ್ದವು. 1974ರ ‘ಸಂಪತ್ತಿಗೆ ಸವಾಲ್’ ಬಂದದ್ದೇ ಬಂದದ್ದು, ಅಣ್ಣಾವ್ರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಹಳೆಯ ಹಾಡಿಗೊಬ್ಬ, ಹೊಸ ಹಾಡಿಗೊಬ್ಬ. ಖಜಾಂಚಿಯ ಗತಿಯೇನು?"

"ಅದಕ್ಕೇ ಗಾಯಕಿಯ ಖರ್ಚು ಉಳಿಸಲು ಹೆಣ್ಣುದನಿಯಲ್ಲೂ ಹಾಡುವವನನ್ನು ಕರೆತಂದಿರಲ್ಲ" ಎಂದು ನಾನು ನೆನಪಿಸಿದೆ. ಆ ಪುಣ್ಯಾತ್ಮ ಬಲಕ್ಕೆ ತಿರುಗಿದರೆ ರಾಜ್‌ಕುಮಾರ್, ಎಡಕ್ಕೆ ತಿರುಗಿದರೆ ಎಸ್. ಜಾನಕಿ. ಭಾದ್ರಪದದ ಮಳೆ, ಸೋರುವ ಶಾಮಿಯಾನ, ಸಾಲದ್ದಕ್ಕೆ ನೆಗಡಿ. ನೆಗಡಿ ಜಾನಕಿಗೆ ಮಾತ್ರ ಹಿಡಿದಿತ್ತು. ನಾಯಕಿ ಎರಡನೇ ಚರಣದಲ್ಲಿ ಸೀನಿದಳು, ನಾಯಕ ಗಂಭೀರವಾಗಿ ಪಲ್ಲವಿ ಮುಂದುವರಿಸಿದ. ಆ ರಾತ್ರಿ ‘ಒನ್ಸ್ ಮೋರ್’ ಬಿದ್ದದ್ದು ಅದೊಂದೇ ಹಾಡಿಗೆ. ಮುಂದಿನ ಸಾಲಿನ ಹುಡುಗರು ಎರಡನೇ ಸಲ ಸೀನು ಬರದಿದ್ದಾಗ ಮೋಸ ಎಂದು ಗಲಾಟೆ ಮಾಡಿದರು. ಟ್ರ್ಯಾಕಿಗೆ ನೆಗಡಿಯಾಗುವುದಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ.

"ಹಾಗಾದರೆ ಹತ್ತು ಗಂಟೆಯ ನಿಯಮ?" ರಾಯರು ಮೇಲ್ಮನವಿ ಸಲ್ಲಿಸಿದರು. "2000ದಲ್ಲಿ ಶಬ್ದಮಾಲಿನ್ಯದ ನಿಯಮ ಬಂತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಂದ್."

"ಅದು ನಿಜವಾದ ಪೆಟ್ಟು" ಎಂದು ಶೆಟ್ಟರು ಒಪ್ಪಿಕೊಂಡರು. "ನಾವು ಶುರು ಮಾಡುತ್ತಿದ್ದದ್ದೇ ಹತ್ತಕ್ಕೆ. ಕರಪತ್ರದಲ್ಲಿ ಆರು ಗಂಟೆ. ‘ಹಲೋ, ಮೈಕ್ ಟೆಸ್ಟಿಂಗ್’ಗೆ ಎರಡು ತಾಸು. ದಾನಿಗಳ ಹೆಸರಿಗೆ ಇನ್ನೆರಡು."

"ಎರಡು ತಾಸು ಕೂಗಿದಿರಿ, ಒಂದು ವರ್ಷವಾದರೂ ನನ್ನ ಹೆಸರು ಬರಲಿಲ್ಲ" ಎಂದರು ರಾಯರು.

ಮೇಷ್ಟರು ಕನ್ನಡಕ ಒರೆಸಿಕೊಂಡರು. "ಕೊಟ್ಟವರ ಹೆಸರನ್ನು ಮಾತ್ರ ಕೂಗುತ್ತಿದ್ದೆವು, ರಾಯರೇ."