ಸಮೀಕರಣದಲ್ಲಿ ಭಿನ್ನರಾಶಿ ತೆಗೆಯೋದು ಹೇಗೆ? ಮಗಳಿಗೆ −1 ಬರ್ತಿದೆ, ಪುಸ್ತಕದಲ್ಲಿ 8 ಇದೆ

ಎಂಟನೇ_ಕ್ಲಾಸ್_ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಒಂದು ಚರಾಕ್ಷರದ ಸಮೀಕರಣ ನಡೀತಾ ಇದೆ, ಭಿನ್ನರಾಶಿ ಇಲ್ದೇ ಇರೋ ಲೆಕ್ಕ ಎಲ್ಲಾ ಪಟಪಟ ಅಂತ ಮಾಡ್ತಾಳೆ, ಛೇದ ಬಂತು ಅಂದ್ರೆ ಅಲ್ಲಿಗೆ ನಿಂತ್ಲು. ಈ ಲೆಕ್ಕ ನೋಡಿ:

ಎಕ್ಸ್/2 − (ಎಕ್ಸ್ − 3)/5 = 3

ಲ.ಸಾ.ಅ 10 ಅಂತ ಸರಿಯಾಗೇ ತೆಗೆದ್ಲು, 5ಎಕ್ಸ್ − 2(ಎಕ್ಸ್ − 3) = 3 ಅಂತ ಬರೆದು ಕೊನೆಗೆ −1 ತಂದ್ಲು. ನಾನಾದ್ರೆ 10 ನ್ನು ಕೆಳಗೇ ಇಟ್ಕೊಂಡು ಆಮೇಲೆ ಬಲಗಡೆ ಕಳಿಸ್ತೀನಿ, 8 ಬರುತ್ತೆ, ಆದ್ರೆ ಅವಳು "ಅಮ್ಮಾ, 10 ಯಾಕೆ ಆ ಕಡೆ ಹೋಗುತ್ತೆ, ಹೋದ್ಮೇಲೆ ಯಾಕೆ ಗುಣಾಕಾರ ಆಗುತ್ತೆ" ಅಂತ ಕೇಳ್ತಾಳೆ. ನಾವು ಕಲ್ತಿದ್ದೇ ಹಾಗೆ ಅಂದ್ರೆ ಒಪ್ಪಲ್ಲ, ಸುಮ್ನೆ ಒಪ್ಕೋಬೇಕು ಅಂತ ನನಗೂ ಇಲ್ಲ. ಹೇಗೆ ಹೇಳ್ಕೊಡ್ಲಿ?

ತುಂಗಾತೀರ:
ಅಕ್ಕಾ, ಮಗಳು ಒಳ್ಳೇ ಪ್ರಶ್ನೆ ಕೇಳಿದ್ದಾಳೆ. 10 ಎಲ್ಲಿಗೂ ಹೋಗಲ್ಲ. ಎಡಭಾಗ ಬಲಭಾಗ ಸಮ ಅಂತ ಕೊಟ್ಟಿದ್ದಾರೆ, ಎರಡನ್ನೂ 10 ರಿಂದ ಗುಣಿಸಿದ್ರೂ ಸಮಾನೇ ಇರುತ್ತೆ, ಅಷ್ಟೇ ವಿಷಯ. ಅವಳು ಎಡಗಡೆ ಮಾತ್ರ ಗುಣಿಸಿ 3 ನ್ನು ಬಿಟ್ಟಿದ್ದಾಳೆ. ಅದರ ಕೆಳಗೆ ಛೇದ ಕಾಣಲ್ವಲ್ಲ, ಹಾಗಾಗಿ ಬಿಟ್ಟುಹೋಗುತ್ತೆ. 3/1 ಅಂತ ಬರೆಸಿ ನೋಡಿ.

5ಎಕ್ಸ್ − 2(ಎಕ್ಸ್ − 3) = 30
5ಎಕ್ಸ್ − 2ಎಕ್ಸ್ + 6 = 30
3ಎಕ್ಸ್ = 24
ಎಕ್ಸ್ = 8

ತಾಳೆ ನೋಡಿ, 8/2 ಅಂದ್ರೆ 4, 5/5 ಅಂದ್ರೆ 1, 4 − 1 = 3. ಸರಿಹೋಯ್ತು.

ಹೈಸ್ಕೂಲ್_ಮೇಷ್ಟ್ರು:
ಮೇಲೆ ಹೇಳಿರೋದು ಸರಿ. ಇದೇ ಲೆಕ್ಕದಲ್ಲಿ ಇನ್ನೊಂದು ಕಡೆ ಮಕ್ಕಳು ಬೀಳ್ತಾರೆ ಮೇಡಂ, ಆ ಮೈನಸ್ ಹತ್ರ. ಮೇಲೆ ಎಕ್ಸ್ − 3 ಅಂತ ಎರಡು ಪದ ಇದ್ದಾಗ ಭಾಗಾಕಾರದ ಗೆರೆನೇ ಆವರಣದ ಕೆಲಸ ಮಾಡ್ತಾ ಇರುತ್ತೆ, ಛೇದ ತೆಗೆದ ತಕ್ಷಣ ಗೆರೆ ಹೋಗುತ್ತೆ, ಆವರಣ ಹಾಕ್ಲಿಲ್ಲ ಅಂದ್ರೆ +6 ಬರೋ ಕಡೆ −6 ಆಗಿ ಉತ್ತರ 12 ಬರುತ್ತೆ. ಅದಕ್ಕೇ ಮೊದಲು ಆವರಣ ಹಾಕಿಸಿ, ಆಮೇಲೆ ಗುಣಿಸ್ಲಿ, ಪ್ರತಿ ಪದದ ಮುಂದೆ "10 ×" ಅಂತ ಬರೆಯೋ ಒಂದು ಸಾಲನ್ನ ಯಾವತ್ತೂ ಹಾರಿಸೋಕೆ ಬಿಡ್ಬೇಡಿ.

ಅಡ್ಡ ಗುಣಾಕಾರನೂ ಬೇರೆ ಏನಲ್ಲ. (2ಎಕ್ಸ್ + 1)/3 = (ಎಕ್ಸ್ + 4)/2 ಇದ್ರೆ ಎರಡೂ ಕಡೆ 6 ರಿಂದ ಗುಣಿಸಿದ್ರೆ 2(2ಎಕ್ಸ್ + 1) = 3(ಎಕ್ಸ್ + 4), ಎಕ್ಸ್ = 10. ಆದ್ರೆ ಎರಡೂ ಕಡೆ ಒಂದೊಂದೇ ಭಿನ್ನರಾಶಿ ಇದ್ದಾಗ ಮಾತ್ರ ನೇರವಾಗಿ ಹೀಗೆ ಮಾಡ್ಬಹುದು. ನಿಮ್ಮ ಲೆಕ್ಕದಲ್ಲಿ ಎಡಗಡೆ ಎರಡಿವೆ, ಅಲ್ಲಿ ಅಡ್ಡ ಗುಣಾಕಾರಕ್ಕೆ ಕೈ ಹಾಕಿದ್ರೆ ಕೆಡುತ್ತೆ.

ಎಂಟನೇ_ಕ್ಲಾಸ್_ಅಮ್ಮ:
ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. 3/1 ಅಂತ ಬರೆದಿದ್ದೇ ತಡ ಅವಳೇ ಹೇಳಿದ್ಲು ಎಲ್ಲಿ ತಪ್ಪಿದ್ದು ಅಂತ. ಆದ್ರೆ ಈಗ ಎಲ್ಲಾ ಕಡೆ ಗುಣಿಸೋಕೆ ಶುರು ಮಾಡಿದ್ದಾಳೆ! "ಎಕ್ಸ್/2 + ಎಕ್ಸ್/3 ಸುಲಭ ರೂಪಕ್ಕೆ ತನ್ನಿ" ಅಂತ ಇದ್ರೆ 6 ರಿಂದ ಗುಣಿಸಿ 5ಎಕ್ಸ್ ಅಂತಾಳೆ.

ಹೈಸ್ಕೂಲ್_ಮೇಷ್ಟ್ರು:
ಅಲ್ಲಿ ಸಮ ಚಿಹ್ನೆ ಎಲ್ಲಿದೆ ಅಂತ ಕೇಳಿ ಮೇಡಂ. ಸಮೀಕರಣ ಆದ್ರೆ ಎರಡು ಕಡೆ ಇರುತ್ತೆ, ಎರಡನ್ನೂ ಗುಣಿಸ್ಬಹುದು. ಇದು ಬರೀ ಬೀಜೋಕ್ತಿ, ಗುಣಿಸಿದ್ರೆ ಬೆಲೆನೇ ಬದಲಾಗಿಬಿಡುತ್ತೆ. ಎಕ್ಸ್‌ಗೆ 6 ಹಾಕಿಸಿ: 3 + 2 = 5, ಅವಳ 5ಎಕ್ಸ್ 30 ಆಗುತ್ತೆ. ಇಲ್ಲಿ ಛೇದ ಉಳೀಲೇಬೇಕು, 5ಎಕ್ಸ್/6.

ಹಳೇ_ಲೆಕ್ಕ:
ಅಭ್ಯಾಸಕ್ಕೆ ಲೀಲಾವತಿಯ ದುಂಬಿ ಲೆಕ್ಕ ಕೊಡಿ, ಭಾಸ್ಕರಾಚಾರ್ಯರು 1150 ರ ಸುಮಾರಿಗೆ ಬರೆದದ್ದು, ಮಕ್ಕಳಿಗೆ ಬಹಳ ಹಿಡಿಸುತ್ತೆ. ದುಂಬಿಗಳ ಗುಂಪಲ್ಲಿ ಐದನೇ ಒಂದು ಭಾಗ ಕದಂಬಕ್ಕೆ ಹೋದ್ವು, ಮೂರನೇ ಒಂದು ಭಾಗ ಶಿಲೀಂಧ್ರದ ಹೂವಿಗೆ, ಇವೆರಡರ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ, ಒಂದು ದುಂಬಿ ಮಾತ್ರ ಕೇದಗೆ ಮಾಲತಿಗಳ ಪರಿಮಳಕ್ಕೆ ಸಿಕ್ಕಿ ಹಾರಾಡ್ತಾ ಉಳೀತು, ಒಟ್ಟು ಎಷ್ಟು?

ಎಕ್ಸ್/5 + ಎಕ್ಸ್/3 + 3(ಎಕ್ಸ್/3 − ಎಕ್ಸ್/5) + 1 = ಎಕ್ಸ್

15 ರಿಂದ ಗುಣಿಸಿದ್ರೆ 3ಎಕ್ಸ್ + 5ಎಕ್ಸ್ + 6ಎಕ್ಸ್ + 15 = 15ಎಕ್ಸ್, ಎಕ್ಸ್ = 15. ಹೂವಿಗೆ ಹೋದವು 3, 5, 6, ಉಳಿದದ್ದು 1, ಲೆಕ್ಕ ಸರಿಯಾಗುತ್ತೆ. ಆ ಒಂದು ದುಂಬಿಯನ್ನ ಗುಣಿಸದೇ ಬಿಟ್ಟು ಮಾಡು ಅಂತ ಹೇಳಿ, ಒಟ್ಟು ಒಂದೇ ದುಂಬಿ ಅಂತ ಉತ್ತರ ಬರುತ್ತೆ, ಹಾಗಾದ್ರೆ ಕದಂಬಕ್ಕೆ ಹೋಗಿದ್ದು ಎಷ್ಟು ಅಂತ ಅವಳನ್ನೇ ಕೇಳಿ.