‘ವಾಕಿಂಗ್ ಮಾಡಿ’ ಅಂದರೆ ಸಾಕಾ, ಚೀಟಿಯಲ್ಲಿ ಬರೆದುಕೊಡಬೇಕಾ?

ಪ್ರಶ್ನೆ (ಬ್ರಹ್ಮಾವರದ ಸದಸ್ಯೆ): ಡಾಕ್ಟ್ರೇ, ನಮ್ಮ ಮಾವನಿಗೆ 64 ವರ್ಷ. ಶುಗರ್, ಬಿಪಿ ಎರಡೂ ಉಂಟು. ಪ್ರತಿ ಸಲ ಹೋದಾಗಲೂ ನಮ್ಮ ಫ್ಯಾಮಿಲಿ ಡಾಕ್ಟರು “ಸ್ವಲ್ಪ ವಾಕಿಂಗ್ ಮಾಡಿ” ಅಂತಾರೆ, ಇವರು “ಆಯ್ತು” ಅಂತಾರೆ, ಅಲ್ಲಿಗೆ ಮುಗೀತು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸುವುದಿಲ್ಲ. ನಾವು ಹೇಳಿದರೆ “ದಿನಾ ತೋಟಕ್ಕೆ ಹೋಗುವುದಿಲ್ಲವಾ” ಅಂತಾರೆ.

ಉತ್ತರ (ಉಡುಪಿಯ ಕುಟುಂಬ ವೈದ್ಯ): ಮಾತ್ರೆ ಯಾಕೆ ತಪ್ಪುವುದಿಲ್ಲ ಹೇಳಿ? ಎಷ್ಟು, ಯಾವಾಗ, ಎಷ್ಟು ದಿನ ಅಂತ ಚೀಟಿಯಲ್ಲಿ ಬರೆದಿರುತ್ತದೆ. ನಡಿಗೆಗೆ ಅದ್ಯಾವುದೂ ಇಲ್ಲ. ಮುಂದಿನ ಸಲ “ವಾಕಿಂಗನ್ನೂ ಬರೆದುಕೊಡಿ” ಅಂತ ನೀವೇ ಕೇಳಿ. ನ್ಯೂಜಿಲೆಂಡ್‌ನಲ್ಲಿ 1998ರಿಂದಲೇ ‘ಗ್ರೀನ್ ಪ್ರಿಸ್ಕ್ರಿಪ್ಷನ್’ ಅಂತ ವೈದ್ಯರು ವ್ಯಾಯಾಮವನ್ನು ಬರೆದುಕೊಡುತ್ತಾರೆ. ನಾನು ಬರೆಯುವುದು ಹೀಗೆ: ‘ರಾತ್ರಿ ಊಟವಾದ ಮೇಲೆ 10 ನಿಮಿಷ ಬಿರುಸು ನಡಿಗೆ, ವಾರಕ್ಕೆ 5 ದಿನ. 2 ವಾರದ ನಂತರ 15 ನಿಮಿಷ.’ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಅಲ್ಲಿಗೆ ನಿಧಾನಕ್ಕೆ ಮುಟ್ಟಿದರಾಯಿತು. ಒಂದೇ ಸಲಕ್ಕೆ ಇಷ್ಟು ನಡೆಯಲೇಬೇಕು ಅಂತ ಇಲ್ಲ. ಕನಿಷ್ಠ 10 ನಿಮಿಷ ಎಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ತೆಗೆದಿದ್ದಾರೆ.

ತೋಟದ ಕೆಲಸವನ್ನು ತಳ್ಳಿಹಾಕಬೇಡಿ, ಅದೂ ಲೆಕ್ಕಕ್ಕೆ ಉಂಟು. ಆದರೆ ಉಸಿರು ಸ್ವಲ್ಪ ಜೋರಾಗಬೇಕು: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹುಲ್ಲು ಹೊತ್ತು ತಂದರೆ, ಕೊಡಪಾನದಲ್ಲಿ ನೀರು ಹೊಯ್ದರೆ ಆಗುತ್ತದೆ. ಮರದ ಬುಡದಲ್ಲಿ ನಿಂತು ಆಳುಗಳಿಗೆ ಕೆಲಸ ಹೇಳಿ ಬಂದರೆ ಆಗುವುದಿಲ್ಲ.

ಒಂದು ಮುಖ್ಯ ವಿಷಯ. ಮಾವ ಗ್ಲಿಮಿಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ದೂರ ನಡೆಯುವುದು ಬೇಡ, ಶುಗರ್ ಇಳಿದುಬಿಡಬಹುದು. ಬೆವರು, ಕೈನಡುಕ, ತಲೆಸುತ್ತು ಬಂದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಸಕ್ಕರೆ ಇರಲಿ. ಬರಿಗಾಲಲ್ಲಿ ನಡೆಯುವುದೂ ಬೇಡ. ನಡೆಯುವಾಗ ಎದೆ ಬಿಗಿದರೆ ಅಲ್ಲೇ ನಿಲ್ಲಬೇಕು, ಡಾಕ್ಟರಿಗೆ ತೋರಿಸುವವರೆಗೆ ಮತ್ತೆ ಶುರು ಮಾಡಬಾರದು.

ಪ್ರಶ್ನೆ (ಮಂಗಳೂರು ಹತ್ತಿರದ ಸದಸ್ಯ): ನನ್ನ ಅಮ್ಮ ಬೀಡಿ ಕಟ್ಟುವವರು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಕೂತರೆ ಏಳುವುದು ಮಧ್ಯಾಹ್ನವೇ. ಗಂಟುನೋವು ಬೇರೆ. ಮಳೆಗಾಲದಲ್ಲಿ ನಡೆಯುವುದಾದರೂ ಎಲ್ಲಿ?

ಉತ್ತರ: ದುಡಿಮೆ ಬಿಡಿ ಅನ್ನಲು ನನ್ನಿಂದಾಗದು, ಮನೆ ನಡೆಯುವುದೇ ಅದರಿಂದ. ಆದರೆ ನೆಲ ಬಿಟ್ಟು ಕುರ್ಚಿಯಲ್ಲಿ ಕೂತು ಕಟ್ಟಲಿ. ಅರ್ಧ ಗಂಟೆಗೊಮ್ಮೆ ಎದ್ದು ಜಗಲಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಾಡಲಿ, ಅದಕ್ಕೆ ಮಳೆ ಅಡ್ಡಿಯಿಲ್ಲ. ಕುರ್ಚಿಯಲ್ಲೇ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿ ಹಿಡಿದು ಐದು ಎಣಿಸಿ ಇಳಿಸಲಿ. ಎರಡೂ ಕಾಲಿಗೆ ಹತ್ತತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಗಂಟಿನ ಮೇಲಿನ ಭಾರ ಕಡಿಮೆ. ಬೀಡಿ ಕೊಡಲು ಬ್ರಾಂಚಿಗೆ ನಡೆದೇ ಹೋಗುತ್ತಿದ್ದರೆ ಅದನ್ನು ಖಂಡಿತ ಬಿಡಿಸಬೇಡಿ. ಮಗ ಬೈಕಲ್ಲಿ ಬಿಟ್ಟು ಬರುವುದು ಪ್ರೀತಿಯೇ, ಆದರೆ ಅವರ ದಿನದ ನಡಿಗೆ ಅಷ್ಟೇ ಇರುತ್ತದೆ.

ಪ್ರಶ್ನೆ (ಹೊಸದಾಗಿ ಕ್ಲಿನಿಕ್ ತೆರೆದ ವೈದ್ಯೆ, ಮಂಗಳೂರು): ಸರ್, ಸಂಜೆ ಹೊರಗೆ ಸಾಲು ನಿಂತಿರುತ್ತದೆ. ಇದನ್ನೆಲ್ಲ ಹೇಳಲು ಸಮಯ ಎಲ್ಲಿ?

ಉತ್ತರ: ಭಾಷಣ ಬೇಡಮ್ಮ, ಎರಡು ಪ್ರಶ್ನೆ ಸಾಕು. ವಾರಕ್ಕೆ ಎಷ್ಟು ದಿನ ಬಿರುಸಾಗಿ ನಡೆಯುತ್ತೀರಿ? ದಿನಕ್ಕೆ ಎಷ್ಟು ನಿಮಿಷ? ಗುಣಿಸಿ ಬಂದ ಸಂಖ್ಯೆಯನ್ನು ಬಿಪಿಯ ಪಕ್ಕದಲ್ಲೇ ಬರೆದಿಡಿ. ಬಿಪಿ ನೋಡುವ ಸಿಸ್ಟರೇ ಇದನ್ನು ಕೇಳಬಹುದು. ಬರೆಯುವಾಗ ಜಾಗವನ್ನೂ ಹೆಸರಿಸಿ: ಕದ್ರಿ ಪಾರ್ಕ್, ಮಣಿಪಾಲದವರಾದರೆ ಮಣ್ಣಪಳ್ಳ ಕೆರೆಯ ದಂಡೆ, ಎಲ್ಲೂ ಹೋಗಲಾಗದವರಿಗೆ ಅವರದೇ ಅಂಗಳ. ಅವರು ಮತ್ತೆ ಬಂದಾಗ ಶುಗರ್ ರಿಪೋರ್ಟ್ ಬಿಡಿಸುವ ಮೊದಲು ಆ ಸಂಖ್ಯೆಯನ್ನು ಕೇಳಿ. ಡಾಕ್ಟರು ಕೇಳುತ್ತಾರೆ ಅಂತ ಗೊತ್ತಾದರೆ ಜನ ನಡೆಯುತ್ತಾರೆ.