ಬಜಪೆಯಿಂದ ದುಬೈ, ಅಲ್ಲಿಂದ ಅಮೆರಿಕ: ಸೆಕ್ಯುರಿಟಿಯಲ್ಲಿ ಬದಿಗೆ ನಿಲ್ಲಿಸಿದರೆ ಎಂತ ಮಾಡುವುದು?

ಕಟಪಾಡಿ_ಕ್ರಾಸ್

ಅಪ್ಪ, ಅಮ್ಮ ಆಗಸ್ಟ್ 12ಕ್ಕೆ ಬಜಪೆಯಿಂದ, ಅಂದರೆ ಮಂಗಳೂರು ವಿಮಾನ ನಿಲ್ದಾಣದಿಂದ, ದುಬೈಗೆ ಹೊರಟಿದ್ದಾರೆ. ಅಲ್ಲಿ ಅಕ್ಕನ ಮನೆಯಲ್ಲಿ ಹತ್ತು ದಿನ, ಮತ್ತೆ ದುಬೈಯಿಂದ ಎಮಿರೇಟ್ಸ್‌ನಲ್ಲಿ ನ್ಯೂಯಾರ್ಕ್‌ಗೆ. ಎರಡೂ ಬೇರೆ ಬೇರೆ ಟಿಕೆಟ್. ಅಪ್ಪನಿಗೆ 74, ಎಡ ಮೊಣಕಾಲಿಗೆ ಕೃತಕ ಕೀಲು, ಎದೆಯಲ್ಲಿ ಪೇಸ್‌ಮೇಕರ್. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಮ್ಮನ ಪಟ್ಟಿ ಹೀಗುಂಟು: ತೆಂಗಿನೆಣ್ಣೆ ಎರಡು ಲೀಟರ್, ಓಲೆಬೆಲ್ಲ, ಹಲಸಿನ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಒಣ ಕೊಬ್ಬರಿ, ಮಸಾಲೆ ಪುಡಿ, ಗಸಗಸೆ, ಮಿಡಿ ಉಪ್ಪಿನಕಾಯಿ.

ಬ್ಯಾಗನ್ನು ಬದಿಗೆ ತೆಗೆಯುವುದು ಯಾವುದಕ್ಕೆ? ಪೇಸ್‌ಮೇಕರ್ ಇದ್ದವರನ್ನು ಹೇಗೆ ತಪಾಸಣೆ ಮಾಡ್ತಾರೆ? ಅಮೆರಿಕದ ಬೋರ್ಡಿಂಗ್ ಪಾಸಿನಲ್ಲಿ ಹೆಚ್ಚುವರಿ ತಪಾಸಣೆಯ ಗುರುತಾದ ನಾಲ್ಕು ಎಸ್ (SSSS) ಬಿದ್ದರೆ ಗತಿ ಏನು? ಗೊತ್ತಿದ್ದವರು ಬಿಡಿಸಿ ಹೇಳಿ ಮಾರಾಯ್ರೆ.

ಗುಡ್ಡೆಮನೆ

ಮೊದಲು ಪಟ್ಟಿಯಿಂದ ಕೊಬ್ಬರಿ ತೆಗೆಯಿರಿ. ಕೈಚೀಲಕ್ಕೂ ಇಲ್ಲ, ಚೆಕ್-ಇನ್‌ಗೂ ಇಲ್ಲ. ಅದರಲ್ಲಿರುವ ಎಣ್ಣೆ ಗಾಳಿಯೊಂದಿಗೆ ಸೇರಿ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂಬುದಕ್ಕೆ ಸರಕು ಸಾಗಣೆಯ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆ, ವರ್ಗ 4.2 ಎಂಬ ಅಪಾಯದ ದರ್ಜೆ ಉಂಟು. ಚೆಕ್-ಇನ್ ಪೆಟ್ಟಿಗೆಯಲ್ಲಿ ಕಂಡರೆ ನಿಮ್ಮ ಹೆಸರು ಕೂಗಿ ಕರೆಯುತ್ತಾರೆ, ಎದುರಿನಲ್ಲೇ ಬೀಗ ತೆಗೆಸಿ ಹೊರಗೆ ಹಾಕಿಸುತ್ತಾರೆ. ಕೂಗಿದ್ದು ಕೇಳದೆ ಕೂತರೆ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ, ನೀವು ಮಾತ್ರ ದುಬೈ ಮುಟ್ಟುತ್ತೀರಿ. ಲೈಟರ್, ಬೆಂಕಿಪೊಟ್ಟಣ, ಪೆಟ್ಟಿಗೆಯೊಳಗೆ ಮರೆತ ಪವರ್ ಬ್ಯಾಂಕ್, ಎಲ್ಲಕ್ಕೂ ಇದೇ ಪಾಡು. (ಶಬರಿಮಲೆಯ ಇರುಮುಡಿಯ ತೆಂಗಿನಕಾಯಿಯನ್ನು ಕೈಯಲ್ಲಿ ಒಯ್ಯಲು 2024ರ ಅಕ್ಟೋಬರಿನಲ್ಲಿ ಬಿಟ್ಟದ್ದು 2025ರ ಜನವರಿ 20ರವರೆಗಿನ ವಿಶೇಷ ವಿನಾಯಿತಿ. ಅದನ್ನು ತೋರಿಸಿ ಮನೆಯ ಕೊಬ್ಬರಿಗೆ ವಾದ ಮಾಡಲಿಕ್ಕೆ ಆಗುವುದಿಲ್ಲ.)

ಈಗ ಎಕ್ಸ್-ರೇ. ಪರದೆಯ ಮೇಲೆ ಬೀಳುವುದು ವಸ್ತುವಿನ ಹೆಸರಲ್ಲ, ಬಣ್ಣ ಮತ್ತು ದಪ್ಪ. ಅನ್ನ, ಬಟ್ಟೆ, ಕಾಗದ, ಪ್ಲಾಸ್ಟಿಕ್, ಬೆಲ್ಲ ಎಲ್ಲ ಕಿತ್ತಳೆ ಬಣ್ಣ. ಉಕ್ಕು ನೀಲಿ. ನಡುವಿನವು ಹಸಿರು. ಕಿರಣ ದಾಟದಷ್ಟು ದಪ್ಪವಿದ್ದರೆ ಕಪ್ಪು. ಸ್ಫೋಟಕಗಳೂ ಕಿತ್ತಳೆಯ ಗುಂಪಿನವೇ. ಓಲೆಬೆಲ್ಲದ ಕಟ್ಟು, ಹಲ್ವದ ಇಟ್ಟಿಗೆ, ಖರ್ಜೂರದ ಪ್ಯಾಕೆಟ್ ಇವೆಲ್ಲ ಒಳಗೆ ಯಾವ ಗೆರೆಯೂ ಇಲ್ಲದ ಗಟ್ಟಿ ಕಿತ್ತಳೆ ಮುದ್ದೆಯಾಗಿ ಕಾಣುತ್ತವೆ. ಅದರ ಪಕ್ಕದಲ್ಲೇ ಮೊಬೈಲ್ ಚಾರ್ಜರಿನ ವಯರ್ ಸುತ್ತಿಟ್ಟು, ಮೇಲೊಂದು ಪವರ್ ಬ್ಯಾಂಕ್ ಇಟ್ಟರೆ ಏನಾಗಿ ಕಂಡೀತು, ನೀವೇ ಯೋಚಿಸಿ. ಮುದ್ದೆ, ವಯರ್, ಬ್ಯಾಟರಿ. ಬ್ಯಾಗ್ ಬದಿಗೆ ಹೋಗಲೇಬೇಕು, ಪರದೆಯ ಮುಂದೆ ಕೂತವರ ಕೆಲಸವೇ ಅದು.

ಹಾಗಾಗಿ ಬೆಲ್ಲ, ಮಾಂಬಳ, ಹಲ್ವ ಚೆಕ್-ಇನ್‌ಗೆ. ಒಂದೇ ಕಡೆ ಪೇರಿಸದೆ ಹರಡಿ ಇಡಿ. ಸ್ಟೀಲ್ ಡಬ್ಬಿಯೂ ಬೇಡ, ಅಲ್ಯುಮಿನಿಯಂ ಹಾಳೆಯ ಸುತ್ತೂ ಬೇಡ, ಪಾರದರ್ಶಕ ಪ್ಲಾಸ್ಟಿಕ್ ಕವರ್ ಸಾಕು: ತೆರೆಸಿದರೂ ಕತ್ತರಿಸದೆ ನೋಡಿ ಮುಚ್ಚಬಹುದು. ಹಪ್ಪಳ ತೊಂದರೆ ಕೊಡುವುದಿಲ್ಲ, ಪುಡಿಯಾಗುತ್ತದೆ ಅಷ್ಟೆ.

ಎಣ್ಣೆ ಮತ್ತು ಉಪ್ಪಿನಕಾಯಿ ಕೈಚೀಲದಲ್ಲಿ ಬೇಡವೇ ಬೇಡ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ದ್ರವ, ಪೇಸ್ಟ್, ಜೆಲ್ ಏನಿದ್ದರೂ ಒಂದೊಂದು ಬಾಟಲಿ 100 ಮಿಲಿಗಿಂತ ದೊಡ್ಡದಾಗಿರಬಾರದು, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. 200 ಮಿಲಿ ಬಾಟಲಿಯಲ್ಲಿ ಅರ್ಧ ಮಾತ್ರ ಉಂಟು ಅಂದರೆ ಕೇಳುವುದಿಲ್ಲ, ನೋಡುವುದು ಬಾಟಲಿಯ ಅಳತೆ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ನಿಜ, ಹಾಗೆಂದು ಅದು ದ್ರವವಲ್ಲ ಎಂಬ ವಾದ ಕೌಂಟರಿನಲ್ಲಿ ನಡೆಯುವುದಿಲ್ಲ. ಚೆಕ್-ಇನ್‌ಗೆ ಹಾಕುವಾಗ ಬಾಟಲಿಯ ಕುತ್ತಿಗೆಯಲ್ಲಿ ಎರಡು ಬೆರಳು ಜಾಗ ಬಿಡಿ, ಮೇಲೆ ಹೋದಾಗ ಒತ್ತಡ ಕಡಿಮೆಯಾಗಿ ಬಾಟಲಿ ಉಬ್ಬುತ್ತದೆ. ಮುಚ್ಚಳದ ಸುತ್ತ ಟೇಪ್, ಎರಡು ಪ್ಲಾಸ್ಟಿಕ್, ಅದರ ಮೇಲೆ ಪೇಪರ್, ಪೆಟ್ಟಿಗೆಯ ನಟ್ಟನಡುವೆ. ಎಣ್ಣೆಯ ಮೇಲೆ ವಿಮಾನ ಕಂಪನಿಗಳ ಮಿತಿ ಬೇರೆ ಬೇರೆ, ಟಿಕೆಟ್ ಯಾರದ್ದೋ ಅವರನ್ನೇ ಕೇಳಿ.

ಆಗಸ್ಟ್ 12 ಅಂದರೆ ಸ್ವಾತಂತ್ರ್ಯ ದಿನದ ಹತ್ತಿರ. ಆಗ ವಿಮಾನ ಹತ್ತುವ ಮೊದಲು ಇನ್ನೊಂದು ತಪಾಸಣೆ ಇರುವ ಸಾಧ್ಯತೆ ಹೆಚ್ಚು, ಲ್ಯಾಡರ್ ಪಾಯಿಂಟ್ ಚೆಕ್ ಅನ್ನುತ್ತಾರೆ. ಮೈಯನ್ನೂ ಕೈಚೀಲವನ್ನೂ ಮತ್ತೆ ನೋಡುತ್ತಾರೆ. ಬಂದ ಮೇಲೆ ಒಂದು ಸಲ ಆಯಿತಲ್ಲ ಎಂದು ಹಿರಿಯರು ಗಾಬರಿಯಾಗುವುದು ಇಲ್ಲೇ, ಮೊದಲೇ ಹೇಳಿಡಿ. ಅಂಥ ದಿನಗಳಲ್ಲಿ ಬೀಳ್ಕೊಡಲು ಬಂದವರಿಗೆ ಒಳಗೆ ಹೋಗುವ ಪಾಸನ್ನೂ ನಿಲ್ಲಿಸುವುದುಂಟು, ಅಂದರೆ ಬಾಗಿಲಿನಿಂದ ಮುಂದೆ ಇಬ್ಬರೇ. ವೀಲ್‌ಚೇರ್ ಬೇಕಿದ್ದರೆ 48 ಗಂಟೆ ಮೊದಲೇ ವಿಮಾನ ಕಂಪನಿಗೆ ತಿಳಿಸಿ, ತಳ್ಳುವವರೊಬ್ಬರು ಜೊತೆಗಿದ್ದರೆ ಭಾಷೆಯ ಕಷ್ಟವೂ ಅರ್ಧ ಕಳೆಯುತ್ತದೆ. ಮೂರು ಗಂಟೆ ಮೊದಲೇ ಟರ್ಮಿನಲ್ ಬಾಗಿಲಲ್ಲಿ ಇರಲಿ. ಆಟಿ ತಿಂಗಳ ಮಳೆಗೆ ಉಡುಪಿಯಿಂದ ಹೊರಡುವ ಹೊತ್ತನ್ನು ನೀವೇ ಲೆಕ್ಕ ಹಾಕಿ.

ಮಣಿಪಾಲ_ವಾರ್ಡ್

ಪೇಸ್‌ಮೇಕರ್ ವಿಷಯ ಮಾತ್ರ ಹೇಳುತ್ತೇನೆ.

ಬಾಗಿಲಿನಂಥ ಚೌಕಟ್ಟಿನ ಮೂಲಕ ನಿಲ್ಲದೆ ನಡೆದುಹೋದರೆ ಈಗಿನ ಪೇಸ್‌ಮೇಕರ್‌ಗಳಿಗೆ ತೊಂದರೆ ಇಲ್ಲ. ಚೌಕಟ್ಟಿನೊಳಗೆ ನಿಲ್ಲುವುದು, ಅದಕ್ಕೆ ಒರಗುವುದು ಬೇಡ. ಎಚ್ಚರ ಬೇಕಾದ್ದು ಕೈಯಲ್ಲಿ ಹಿಡಿಯುವ ಡಿಟೆಕ್ಟರಿಗೆ. ಅದನ್ನು ಎದೆಯ ಮೇಲೆ ಹಿಡಿದು ನಿಲ್ಲಿಸಬಾರದು, ಮತ್ತೆ ಮತ್ತೆ ಆಡಿಸಲೂಬಾರದು. ಸರಿಯಾದ ಕ್ರಮ ಅಂದರೆ ಚೌಕಟ್ಟಿಗೆ ಹೋಗುವ ಮೊದಲೇ ಕಾರ್ಡ್ ತೋರಿಸಿ, ಕೈಯಿಂದ ಮುಟ್ಟಿ ತಪಾಸಣೆ ಮಾಡಿ ಎಂದು ಕೇಳುವುದು. ಪೇಸ್‌ಮೇಕರ್ ಹಾಕಿದಾಗ ಕೊಡುವ ಆ ಕಾರ್ಡಿನಲ್ಲಿ ಮಾದರಿ, ಸರಣಿ ಸಂಖ್ಯೆ, ಹಾಕಿದ ದಿನಾಂಕ ಇರುತ್ತದೆ. ಮೂಲ ಕಾರ್ಡ್ ಅಂಗಿ ಜೇಬಿನಲ್ಲಿ, ಜೆರಾಕ್ಸ್ ಕೈಚೀಲದಲ್ಲಿ. ಟ್ರೇಯಲ್ಲಿ ಹಾಕಿದರೆ ಬೇಕಾದ ಹೊತ್ತಿಗೆ ಅದು ಎಕ್ಸ್-ರೇ ಯಂತ್ರದ ಆಚೆ ಬದಿಯಲ್ಲಿರುತ್ತದೆ! ಎಡವುವುದು ಇಲ್ಲೇ.

ಇಂಗ್ಲಿಷ್ ಬಾರದಿದ್ದರೆ ಒಂದು ಬಿಳಿ ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಎರಡೇ ಸಾಲು ಬರೆದುಕೊಡಿ: ಪೇಸ್‌ಮೇಕರ್ ಇದೆ, ಎಡ ಮೊಣಕಾಲಲ್ಲಿ ಲೋಹದ ಕೀಲು ಇದೆ. ಮಂಗಳೂರಿನಲ್ಲಿ ತಪಾಸಣೆ ಸಿಐಎಸ್‌ಎಫ್ ಎಂಬ ಕೇಂದ್ರ ಭದ್ರತಾ ಪಡೆಯವರದ್ದು, ಬೇರೆ ರಾಜ್ಯದವರೇ ಹೆಚ್ಚು. ತುಳು, ಕನ್ನಡದ ಭರವಸೆಯಲ್ಲಿ ಹೋಗಬೇಡಿ.

ಕೀಲು ಕೋಬಾಲ್ಟ್-ಕ್ರೋಮ್ ಅಥವಾ ಟೈಟಾನಿಯಂ. ಕೂಗಿಯೇ ಕೂಗುತ್ತದೆ. ಡಾಕ್ಟರ ಪತ್ರ ಇದ್ದರೂ ತಪಾಸಣೆ ತಪ್ಪುವುದಿಲ್ಲ, ಕೂಗಿದ್ದು ಯಾಕೆ ಎಂದು ವಿವರಿಸಲಿಕ್ಕೆ ಮಾತ್ರ ಅದು. ಮೊಣಕಾಲನ್ನು ಕೈಯಿಂದ ಒತ್ತಿ ನೋಡುತ್ತಾರೆ, ಕೆಲವೊಮ್ಮೆ ಗಾಯದ ಗುರುತು ತೋರಿಸಲು ಹೇಳುತ್ತಾರೆ. ಬಿಗಿಯಾದ ಪ್ಯಾಂಟ್ ಬೇಡ, ಮೊಣಕಾಲಿನ ಮೇಲೆ ಮಡಚಲು ಬರುವಂಥದ್ದು ಹಾಕಿಸಿ. ಬಟ್ಟೆ ಸರಿಸಬೇಕಾದರೆ ಮರೆಯಾದ ಜಾಗ ಕೇಳುವ ಹಕ್ಕು ಉಂಟು. ಅಮ್ಮನನ್ನು ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯೇ ನೋಡುತ್ತಾರೆ.

ಇನ್ನೊಂದು: ಬೆಳ್ಳಿಯ ಉಡಿದಾರ. ಕೀಲಿನ ಕಾರಣ ಹೇಳಿ ಮುಗಿಸಿದ ಮೇಲೆ ಸೊಂಟದಲ್ಲೂ ಬೀಪ್ ಬಂದರೆ ಮತ್ತೆ ಮೊದಲಿನಿಂದ ಶುರು. ಮನೆಯಲ್ಲೇ ಬಿಚ್ಚಿಟ್ಟು ಹತ್ತಿಯ ದಾರ ಕಟ್ಟಿಸಿ.

ನಾಲ್ಕು_ಎಸ್

ನಾಲ್ಕು ಎಸ್ ಬಗ್ಗೆ. ಅದು ಬಜಪೆಯಲ್ಲಿ ಬೀಳುವುದಲ್ಲ. ಅಮೆರಿಕಕ್ಕೆ ಹೋಗುವ, ಅಲ್ಲಿಂದ ಹೊರಡುವ ಅಥವಾ ಅಲ್ಲೇ ಒಳಗೆ ಓಡಾಡುವ ವಿಮಾನದ ಬೋರ್ಡಿಂಗ್ ಪಾಸಿಗೆ, ಹೋಗುವಾಗ ನಿಮ್ಮ ಲೆಕ್ಕದಲ್ಲಿ ದುಬೈ–ನ್ಯೂಯಾರ್ಕ್‌ಗೆ. ಪ್ರಯಾಣಿಕನ ಹೆಸರು, ಹುಟ್ಟಿದ ದಿನ, ಲಿಂಗ ಈ ಮೂರನ್ನು ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ತನ್ನ ಪಟ್ಟಿಗಳೊಂದಿಗೆ ಹೋಲಿಸಿ ಕಂಪನಿಗೆ ಉತ್ತರ ಕಳಿಸುತ್ತದೆ. ಆಯ್ಕೆ ಸುಮ್ಮನೆ ಚೀಟಿ ಎತ್ತಿದ ಹಾಗೂ ಆಗಬಹುದು, ಯಾರದೋ ಹೆಸರಿಗೆ ಹೊಂದಿಕೆಯಾಗಿಯೂ ಆಗಬಹುದು. ಕೌಂಟರಿನವರಿಗೂ ಕಾರಣ ಗೊತ್ತಿರುವುದಿಲ್ಲ, ಅವರೊಟ್ಟಿಗೆ ಜಗಳ ಮಾಡಿ ಪ್ರಯೋಜನ ಇಲ್ಲ.

ಮುನ್ಸೂಚನೆ ಏನೆಂದರೆ, ಆನ್‌ಲೈನ್ ಚೆಕ್-ಇನ್ ಮಾಡುವಾಗ ಬೋರ್ಡಿಂಗ್ ಪಾಸ್ ಬಾರದೆ ಕೌಂಟರಿಗೆ ಹೋಗಿ ಎಂಬ ಸಂದೇಶ ಬರುತ್ತದೆ. ವೀಸಾ ದಾಖಲೆ ನೋಡಲಿಕ್ಕೂ ಹಾಗೆ ಬರುವುದುಂಟು, ಹಾಗಾಗಿ ಅದೊಂದನ್ನೇ ಹಿಡಿದು ಹೆದರಬೇಡಿ. ಕಾಗದದ ಪಾಸಿನಲ್ಲಿ ಎಸ್ ಎಂಬ ಅಕ್ಷರ ನಾಲ್ಕು ಸಲ ಅಚ್ಚಾಗಿದ್ದರೆ ಖಚಿತ. ಹೆಚ್ಚಾಗಿ ಗೇಟಿನ ಹತ್ತಿರವೇ ಬದಿಗೆ ಕರೆದು, ಕೈ, ಶೂ, ಬ್ಯಾಗಿನ ಒಳಭಾಗ, ಮೊಬೈಲ್ ಎಲ್ಲವನ್ನೂ ಬಟ್ಟೆಯ ತುಂಡಿನಲ್ಲಿ ಒರೆಸಿ ಯಂತ್ರಕ್ಕೆ ಕೊಡುತ್ತಾರೆ. ಮೈ ತಪಾಸಣೆ ಬೇರೆ. ಫೋನ್, ಟ್ಯಾಬ್ ಆನ್ ಮಾಡಿ ತೋರಿಸಲು ಹೇಳಬಹುದು. 2014ರಿಂದ ಈ ನಿಯಮ ಉಂಟು, ಚಾರ್ಜ್ ಇಲ್ಲದ ಫೋನನ್ನು ವಿಮಾನಕ್ಕೆ ಬಿಡದೆಯೂ ಇರಬಹುದು. ಗೇಟಿನಲ್ಲಿ ಕೂತು ಫೋನ್ ನೋಡಿ ನೋಡಿ ಬ್ಯಾಟರಿ ಮುಗಿಸಬೇಡಿ ಎಂದು ಅಪ್ಪನಿಗೆ ಹೇಳಿ.

ಮಸಾಲೆ ಪುಡಿಯೂ ಚೆಕ್-ಇನ್‌ಗೆ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದೊಳಗಿನ ಪುಡಿ 350 ಮಿಲಿಗಿಂತ ಹೆಚ್ಚಿದ್ದರೆ, ಅಂದರೆ ಹೆಚ್ಚುಕಡಿಮೆ ಒಂದು ಸಾಫ್ಟ್ ಡ್ರಿಂಕ್ ಕ್ಯಾನಿನಷ್ಟು, 2018ರ ಜೂನ್ 30ರಿಂದ ಅದಕ್ಕೂ ಹೆಚ್ಚುವರಿ ತಪಾಸಣೆ. ಇನ್ನು ಹಸಿ ಕರಿಬೇವಿನ ಎಲೆ ಬೇಡ, ಅದು ಸೆಕ್ಯುರಿಟಿಯವರಲ್ಲ, ನ್ಯೂಯಾರ್ಕಿನ ಕಸ್ಟಮ್ಸಿನವರು ಹಿಡಿಯುವ ವಸ್ತು.

ಒಂದೇ ಪ್ರಯಾಣಕ್ಕೆ ನಾಲ್ಕು ಎಸ್ ಬಂದರೆ ಸುಮ್ಮನಿರಿ. ಪ್ರತಿಸಲ ಬಂದರೆ ಮಾತ್ರ ಡಿಎಚ್‌ಎಸ್ ಟ್ರಿಪ್ ಎಂಬ ಅಮೆರಿಕ ಸರ್ಕಾರದ ದೂರು ವ್ಯವಸ್ಥೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿ. ಶುಲ್ಕ ಇಲ್ಲ, ಪಾಸ್‌ಪೋರ್ಟ್ ಪ್ರತಿ ಬೇಕು. ಅವರು ಕೊಡುವ ಏಳು ಅಂಕಿಯ ರಿಡ್ರೆಸ್ ಸಂಖ್ಯೆಯನ್ನು ಮುಂದಿನ ಟಿಕೆಟ್ ಮಾಡುವಾಗಲೇ ಅದಕ್ಕಿರುವ ಜಾಗದಲ್ಲಿ ತುಂಬಬೇಕು. ಈಗ ಮಾಡಬೇಕಾದ್ದು ಒಂದೇ: ಟಿಕೆಟಿನ ಹೆಸರು ಪಾಸ್‌ಪೋರ್ಟಿನಂತೆಯೇ ಉಂಟಾ ನೋಡಿ. ನಮ್ಮ ಕಡೆ ಮನೆತನದ ಹೆಸರು ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಪೂರ್ತಿ ಇರುತ್ತದೆ. ಏಜೆಂಟರು ಅಂದಾಜಿಗೆ ಹೊಡೆದುಬಿಡುತ್ತಾರೆ.

ಬೈಲುಮನೆ

ಮೇಲಿನವರು ಗಸಗಸೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಅದೇ. ಇಲ್ಲಿ ಪಾಯಸದ ಸಾಮಾನು, ಯುಎಇಯಲ್ಲಿ ಮಾದಕವಸ್ತುವಿನ ಲೆಕ್ಕ. ಬಜಪೆಯ ಯಂತ್ರ ಅದನ್ನು ಹಿಡಿಯದೆ ಬಿಡಬಹುದು, ದುಬೈಯಲ್ಲಿ ಸಿಕ್ಕಿದರೆ ಜೈಲಿನ ಮಾತು. ಒಂದು ಚಮಚವೂ ಬೇಡ. ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕಿದ್ದಾರಾ ಎಂದು ಅಮ್ಮನನ್ನು ಕೇಳಿ, ಹಾಕಿದ್ದರೆ ಆ ಪುಡಿಯೂ ಮನೆಯಲ್ಲೇ ಇರಲಿ.

ಮಾತ್ರೆಗಳೂ ಹಾಗೆಯೇ. ಮೊಣಕಾಲಿನ ನೋವಿಗೆ ಕೊಡುವ ಟ್ರಮಡಾಲ್, ನರದ ನೋವಿನ ಪ್ರೆಗಾಬಾಲಿನ್, ನಿದ್ದೆಗೆ ಕೊಡುವ ಆಲ್ಪ್ರಜೋಲಾಮ್, ಕೆಮ್ಮಿನ ಸಿರಪ್ಪಿನ ಕೊಡೀನ್ ಅಲ್ಲಿ ನಿಯಂತ್ರಿತ ಔಷಧಗಳು. ಕಂಪನಿಯ ಹೆಸರು ನೋಡಿದರೆ ಗೊತ್ತಾಗುವುದಿಲ್ಲ, ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ಇದ್ದರೆ ಯುಎಇ ಸರ್ಕಾರದ ಆನ್‌ಲೈನ್ ಅನುಮತಿ ಮೊದಲೇ ತೆಗೆಯಬೇಕು, ಅಥವಾ ಡಾಕ್ಟರಲ್ಲಿ ಬೇರೆ ಮಾತ್ರೆ ಬರೆಸಬೇಕು. ಉಳಿದ ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ವಾರದ ಡಬ್ಬಿಗೆ ಸುರಿದರೆ ಯಾವುದು ಯಾವುದೆಂದು ತೋರಿಸಲಿಕ್ಕಾಗುವುದಿಲ್ಲ.

ಒರೆಸಿ ನೋಡುವ ಯಂತ್ರದ ಬಗ್ಗೆ ಒಂದು ಮಾತು. ಅದು ಹುಡುಕುವುದು ನೈಟ್ರೇಟಿನಂಥ ಸ್ಫೋಟಕ ರಾಸಾಯನಿಕಗಳ ಅತಿ ಸೂಕ್ಷ್ಮ ಕುರುಹು. ನೈಟ್ರೇಟ್ ಇರುವ ರಸಗೊಬ್ಬರ ಮುಟ್ಟಿದ ಕೈ, ಕೋಲದಲ್ಲಿ ಗರ್ನಾಲು ಪಟಾಕಿ ಹಚ್ಚುವಾಗ ತೊಟ್ಟಿದ್ದ ಅಂಗಿ, ಗ್ಲಿಸರಿನ್ ಇರುವ ಕೈಯ ಕ್ರೀಮು, ನಾಲಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆ, ಯಾವುದಕ್ಕೂ ಕೂಗಬಹುದು. ಹೊರಡುವ ಬೆಳಿಗ್ಗೆ ತೋಟಕ್ಕೆ ಇಳಿಯುವುದು ಬೇಡ. ಗೊಬ್ಬರದ ಕೊಟ್ಟಿಗೆಯಲ್ಲಿ ತೂಗಿಹಾಕಿದ್ದ ಬ್ಯಾಗ್ ಒಗೆದು ಒಣಗಿಸಿಯೇ ತೆಗೆಯಿರಿ.

ತೋಟ ಕಾಯುವ ಕೋವಿ ಮನೆಯಲ್ಲಿದ್ದರೆ ಬ್ಯಾಗಿನ ಪ್ರತಿ ಜೇಬು ಮಗುಚಿ ಕೊಡವಿ. ಮೂಲೆಯಲ್ಲಿ ಉಳಿದ ಒಂದೇ ತೋಟೆ ಎಕ್ಸ್-ರೇಯಲ್ಲಿ ಎದ್ದು ಕಾಣುತ್ತದೆ. ಖಾಲಿಯಾದರೂ ಸುಲಭಕ್ಕೆ ಬಿಡುವುದಿಲ್ಲ. ಪರವಾನಗಿ ಮನೆಯಲ್ಲಿ ಉಂಟು ಎಂದು ಹೇಳುವಷ್ಟರಲ್ಲಿ ವಿಷಯ ಪೊಲೀಸ್ ಠಾಣೆಗೆ ಹೋಗಿರುತ್ತದೆ, ವಿಮಾನ ಹಾರಿರುತ್ತದೆ. ಅಕ್ಕನ ಮನೆಯವರು ಹಡಗಿನ ಕೆಲಸದವರಾದರೆ, ತಿರುಗಿ ಬರುವಾಗ ತುರಾಯಾ, ಇರಿಡಿಯಂ ಅಥವಾ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಾಧನ ಕೊಟ್ಟು ಕಳಿಸಬೇಡಿ ಅನ್ನಿ. ಅನುಮತಿ ಇಲ್ಲದೆ ಅವು ಭಾರತದಲ್ಲಿ ಅಪರಾಧ.

ಕಟಪಾಡಿ_ಕ್ರಾಸ್

ಗಸಗಸೆ, ಕೊಬ್ಬರಿ ಎರಡೂ ಹೊರಗೆ. ಅಮ್ಮನಿಗೆ ಕೋಪ ಬಂದಿದೆ, ಇರಲಿ. ಇನ್ನೆರಡು ಕೇಳುವುದುಂಟು: ಅಪ್ಪನ ಪವರ್ ಬ್ಯಾಂಕ್ 30,000 ಎಂಎಎಚ್‌ನದ್ದು, ನಡೆಯುತ್ತದಾ? ಮತ್ತೆ ಎಲೆಯಡಿಕೆ ಚೀಲ ಬಿಟ್ಟು ಅವರು ಹೊರಡುವುದಿಲ್ಲ.

ಗುಡ್ಡೆಮನೆ

ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 30,000ಕ್ಕೆ 111 ವ್ಯಾಟ್-ಅವರ್ ಆಗುತ್ತದೆ. 100ರವರೆಗೆ ಕೇಳದೆ ಒಯ್ಯಬಹುದು, 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು. ಎಮಿರೇಟ್ಸ್ ಮಾತ್ರ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ, 100ಕ್ಕಿಂತ ಕೆಳಗಿನದ್ದೇ, ಹಾರಾಟದಲ್ಲಿ ಬಳಸಬಾರದು ಎಂದು ಬಿಗಿ ಮಾಡಿದೆ. 20,000ದ್ದು ತೆಗೆದುಕೊಡಿ, 74 ಆಗುತ್ತದೆ. ಮೈಮೇಲಿನ ಅಕ್ಷರ ಅಳಿಸಿಹೋಗಿರಬಾರದು, ಓದಲಾಗದಿದ್ದರೆ ತೆಗೆದಿಡುತ್ತಾರೆ. ಇರಬೇಕಾದ್ದು ಕೈಚೀಲದಲ್ಲೇ.

ಎಲೆಯಡಿಕೆ ಚೀಲದಲ್ಲಿ ಅಡಕತ್ತರಿ ಉಂಟಲ್ಲ, ಅದು ಎಕ್ಸ್-ರೇಯಲ್ಲಿ ನೀಲಿಯಾಗಿ ಬಾಯಿ ತೆರೆದು ಮಲಗಿರುತ್ತದೆ, ಕೈಚೀಲದಲ್ಲಿ ಬಿಡುವ ಪ್ರಶ್ನೆಯೇ ಇಲ್ಲ. ಸುಣ್ಣದ ಡಬ್ಬಿ ಇನ್ನೊಂದು ತಲೆನೋವು. ವೀಳ್ಯದೆಲೆಯನ್ನು ದುಬೈ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಕೊನೆಯ ಕವಳ ಬಜಪೆ ರಸ್ತೆಯಲ್ಲೇ ಮುಗಿಸಿ, ಚೀಲ ನಿಮ್ಮ ಕೈಗೆ ಕೊಟ್ಟು ಒಳಗೆ ಹೋಗಲಿ.